ಎರಡು ಕುರ್ಚಿಗಳ ನಡುವಿನ ಮಾತು

ವಯಸ್ಸಾದವರ ಕಾಲುಗುರು ಕತ್ತರಿಸುವ ಮೊದಲು ಹತ್ತು ನಿಮಿಷ ಬಿಸಿನೀರಿನಲ್ಲಿ ನೆನೆಸಬೇಕು. ಹೆಬ್ಬೆರಳಿನದು ಎಲ್ಲಕ್ಕಿಂತ ದಪ್ಪ, ಅದಕ್ಕೆ ಹದಿನೈದು ನಿಮಿಷ. ಒಂದೇ ಸಲಕ್ಕೆ ಕತ್ತರಿಸಬಾರದು. ಅಂಚಿನಿಂದ ಚೂರುಚೂರಾಗಿ ತೆಗೆಯುತ್ತ ಬರಬೇಕು, ಮೂಲೆಗಳು ಚರ್ಮದೊಳಗೆ ಇಳಿಯದಂತೆ ನೋಡಿಕೊಳ್ಳಬೇಕು. ಕೆಳಗೆ ಹಳೆಯ ಪೇಪರು ಹಾಸಿರಬೇಕು, ಯಾಕೆಂದರೆ ಚೂರುಗಳು ಸಿಡಿಯುತ್ತವೆ.

ಇದನ್ನು ನಾನು ಕಲಿತದ್ದು ನಮ್ಮ ಚರ್ಚಿನ ಫಾದರ್ ಅವರನ್ನು ನೋಡಿ. ನನ್ನ ಅಪ್ಪ ದಾಂಡೇಲಿಯ ಕಾಗದದ ಗಿರಣಿಯಲ್ಲಿ ದುಡಿದು ನಿವೃತ್ತನಾದ ಎರಡನೆಯ ವರ್ಷಕ್ಕೆ ಲಕ್ವಾ ಹೊಡೆದು ಬಲಗಡೆ ಪೂರ್ತಿ ಬಿದ್ದುಹೋಯಿತು. ಹದಿನಾಲ್ಕು ತಿಂಗಳು ಹಾಸಿಗೆಯಲ್ಲಿದ್ದ. ಚರ್ಚಿಗೆ ಬರಲಾಗದವರ ಮನೆಗೆ ತಿಂಗಳ ಮೊದಲ ಶುಕ್ರವಾರ ಫಾದರ್ ಪರಮಪ್ರಸಾದ ತರುವುದು ನಮ್ಮಲ್ಲಿ ರೂಢಿ. ಅವರಿಗಿಂತ ಮುಂಚಿನವರೂ ತರುತ್ತಿದ್ದರು. ಪ್ರಾರ್ಥನೆ ಹೇಳಿ, ಪ್ರಸಾದ ಕೊಟ್ಟು, ಮುಂದಿನ ಮನೆಗೆ ಹೋಗುತ್ತಿದ್ದರು. ಇವರು ಮೊದಲ ಸಲ ಬಂದಾಗ ಎಲ್ಲ ಮುಗಿದ ಮೇಲೆ ಹೊದಿಕೆಯಿಂದ ಹೊರಗೆ ಬಂದಿದ್ದ ಅಪ್ಪನ ಪಾದಗಳನ್ನು ಸ್ವಲ್ಪ ಹೊತ್ತು ನೋಡಿದರು. ಮುಂದಿನ ತಿಂಗಳು ಬಂದಾಗ ಅವರ ರೆಕ್ಸಿನ್ ಚೀಲದ ಹೊರಗಿನ ಜೇಬಿನಲ್ಲಿ ಒಂದು ದೊಡ್ಡ ಉಗುರು ಕತ್ತರಿ ಇತ್ತು. ಪ್ರಸಾದ ಕೊಟ್ಟಾದ ಮೇಲೆ ಅವ್ವನ ಹತ್ತಿರ ಒಂದು ಬೋಗುಣಿ ಬಿಸಿನೀರು ಕೇಳಿದರು.

ಅವ್ವ ನಾಚಿಕೆಯಿಂದ ಬಾಗಿಲ ಹತ್ತಿರವೇ ನಿಂತುಬಿಟ್ಟಳು. "ಬ್ಯಾಡ್ರಿ ಫಾದರ್, ನಾವ ಮಾಡ್ತೀವಿ."

"ಮಾಡಿಲ್ಲಲ್ಲ ಮತ್ತ," ಎಂದರು ಅವರು. ಬೈಯುವ ದನಿಯಲ್ಲಿ ಅಲ್ಲ.

ಅದು ನಿಜವಾಗಿತ್ತು. ಅಪ್ಪ ಬಾಯಿಯ ಎಡಗಡೆಯಿಂದ ನಕ್ಕ.

ನಾನು ಆಗ ಧಾರವಾಡದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಹಳಿಯಾಳದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ಶುಕ್ರವಾರ ಮಧ್ಯಾಹ್ನದ ಪ್ರಾಯೋಗಿಕ ತರಗತಿ ಮಾತ್ರ ಇರುತ್ತಿತ್ತು. ಬೆಳಿಗ್ಗೆ ಮನೆಯಲ್ಲಿ ಇರುತ್ತಿದ್ದುದರಿಂದ ಪೇಪರು ಹಾಸುವುದು, ನೀರು ಚೆಲ್ಲುವುದು ನನ್ನ ಪಾಲಿಗೆ ಬಂತು. ಆಮೇಲೆ ಕಾಲೇಜಿಗೆ ರಜೆ ಇದ್ದಾಗ ನಾಲ್ಕೈದು ಸಲ ಅವರ ಜೊತೆ ಬೇರೆ ಮನೆಗಳಿಗೂ ಹೋದೆ. ಕನ್ನಡಕ ಹಾಕಿಕೊಂಡರೂ ಅವರಿಗೆ ಉಗುರಿನ ಮೂಲೆ ಸರಿಯಾಗಿ ಕಾಣುತ್ತಿರಲಿಲ್ಲ, ಮೊಬೈಲಿನ ಬೆಳಕು ಹಿಡಿಯಲು ಒಬ್ಬರು ಬೇಕಿತ್ತು.

ಹಳಿಯಾಳದಾಚೆ ಕಾಡಂಚಿನ ಹಳ್ಳಿಯೊಂದರಲ್ಲಿ ಸಿದ್ದಿ ಮನೆಯ ಒಬ್ಬ ಅಜ್ಜಿ ಇದ್ದಳು. ಸೊಂಟ ಮುರಿದು ಮೂರು ವರ್ಷವಾಗಿತ್ತು. ಅದಕ್ಕೂ ಮುಂಚೆ ಆಯುಷ್ಯವಿಡೀ ಗದ್ದೆಯಲ್ಲಿ ಬರಿಗಾಲಲ್ಲಿ ದುಡಿದವಳು, ಅವಳ ಉಗುರು ಅರ್ಧ ಗಂಟೆ ನೆನೆಸಿದರೂ ಮೆತ್ತಗಾಗುತ್ತಿರಲಿಲ್ಲ. ಒಮ್ಮೆ ಎರಡನೆಯ ಕಾಲಿಗೆ ಬರುವಷ್ಟರಲ್ಲಿ ಫಾದರ್ ಬೆವತುಹೋಗಿದ್ದರು.

"ಮೊಂಡ ಕತ್ತರಿ ತಂದೀಯಲ್ಲೋ ಫಾದರಾ. ಕುಡಗೋಲು ಕೊಡ್ಲೇನು?"

"ಕುಡಗೋಲು ಹಚ್ಚಿದ್ರ ಕಾಲ ಹೋಗತೈತಿ, ಆಯಿ."

"ಹೋದ್ರ ಹೋಗ್ಲಿ. ಹೆಂಗೂ ನಿನ್ನ ಚರ್ಚಿಗೆ ಬರೂದು ನಿಂತೈತಿ."

ಹೊರಡುವಾಗ ಅವಳು ಸೊಸೆಗೆ ಹೇಳಿ ಎರಡು ಕೋಳಿಮೊಟ್ಟೆ ಕೊಡಿಸಿದಳು. ಬಸ್ಸಿನಲ್ಲಿ ದಾಂಡೇಲಿಯವರೆಗೆ ಅವರು ಅವುಗಳನ್ನು ಒಂದೊಂದು ಕೈಯಲ್ಲಿ ಒಂದೊಂದರಂತೆ ಹಿಡಿದುಕೊಂಡು ಕೂತಿದ್ದರು. ಟಿಕೆಟ್ಟಿನ ದುಡ್ಡನ್ನು ಅವರ ಅಂಗಿಯ ಜೇಬಿನಿಂದ ಕಂಡಕ್ಟರನೇ ತೆಗೆದುಕೊಂಡ.

ಅವರು ಎಲ್ಲ ಕಡೆಗೂ ಬಸ್ಸಿನಲ್ಲೇ ಹೋಗುತ್ತಿದ್ದರು. ಜೋಯಿಡಾ ಕಡೆಯ ಹಳ್ಳಿಗಳಿಗೆ, ಕೆಲವೊಮ್ಮೆ ಕ್ಯಾಸಲ್‌ರಾಕ್‌ವರೆಗೂ. ಚರ್ಚಿನ ಸಮಿತಿಯವರು ಒಂದು ಹಳೆಯ ಜೀಪು ನೋಡೋಣವೆಂದು ಮಾತು ತೆಗೆದಿದ್ದರು. ಸಮಿತಿಯ ಮುಖ್ಯಸ್ಥರಾಗಿದ್ದ ಹಿರಿಯರೇ ಆಮೇಲೆ ಅದನ್ನು ಕೈಬಿಟ್ಟರು. ನಿಮಗೆ ಜೀಪು ಕೊಟ್ಟರೆ ಅದನ್ನೂ ಯಾರಿಗಾದರೂ ಕೊಟ್ಟು ಮತ್ತೆ ಬಸ್ಸಿಗೇ ಬರುತ್ತೀರಿ ಎಂದು ಎಲ್ಲರೆದುರು ಅಂದರಂತೆ. ಫಾದರ್ ಇಲ್ಲವೆನ್ನಲಿಲ್ಲವಂತೆ.

ಮಾತಿನಲ್ಲಿ ಅವರು ದೊಡ್ಡವರಲ್ಲ. ಭಾನುವಾರದ ಪ್ರಬೋಧನೆ ನಾಲ್ಕು ನಿಮಿಷ ದಾಟುತ್ತಿರಲಿಲ್ಲ, ಅದರಲ್ಲೂ ಒಂದು ನಿಮಿಷ ಕನ್ನಡಕ ಹುಡುಕುವುದಕ್ಕೆ ಹೋಗುತ್ತಿತ್ತು. ಹಾಡಿದರೆ ಶ್ರುತಿ ಸೇರುತ್ತಿರಲಿಲ್ಲ. ಇಲ್ಲ ಎನ್ನಲು ಬರುತ್ತಿರಲಿಲ್ಲವಾದ್ದರಿಂದ ಇಬ್ಬರಿಗೆ ಒಂದೇ ಹೊತ್ತಿಗೆ ಬರುತ್ತೇನೆಂದು ಮಾತು ಕೊಟ್ಟು, ಇಬ್ಬರಿಂದಲೂ ಬೈಸಿಕೊಳ್ಳುತ್ತಿದ್ದರು. ನಾನು ಗಮನಿಸಿದ್ದು ಒಂದೇ. ಗಿರಣಿಯ ದೊಡ್ಡ ಅಧಿಕಾರಿ ಬಂದಾಗ ಯಾವ ದನಿಯಲ್ಲಿ ಮಾತಾಡುತ್ತಿದ್ದರೋ ಆ ಅಜ್ಜಿಯ ಜೊತೆಗೂ ಅದೇ ದನಿ. ನಾನು ಓದಿದ, ಕೆಲಸ ಮಾಡಿದ ಕಡೆಗಳಲ್ಲಿ ಅಂಥವರನ್ನು ನೋಡಿರಲಿಲ್ಲ. ನನ್ನ ದನಿಯೂ ಹಾಗಿರಬೇಕೆಂದು ಕೆಲವು ದಿನ ಕಾಲೇಜಿನಲ್ಲಿ ಪ್ರಯತ್ನ ಮಾಡಿದೆ, ಪ್ರಾಂಶುಪಾಲರೊಂದಿಗೆ ಮಾತಾಡುವಾಗ ಮತ್ತು ಪ್ರಯೋಗಾಲಯದ ಗಾಜು ತೊಳೆಯುವ ಹೆಂಗಸಿನೊಂದಿಗೆ ಮಾತಾಡುವಾಗ. ಅದು ಅಂದುಕೊಂಡದ್ದಕ್ಕಿಂತ ಕಷ್ಟ. ಈ ಯಾವುದನ್ನೂ ನಾನು ಅವರಿಗೆ ಹೇಳಲಿಲ್ಲ.

ಅಪ್ಪ ಆಗಸ್ಟಿನಲ್ಲಿ ತೀರಿಕೊಂಡ. ನಾನು ಅಳಲಿಲ್ಲ. ಅಳು ತಡೆದುಕೊಂಡೆ ಎಂದಲ್ಲ, ಬರಲೇ ಇಲ್ಲ. ಓದಿದ ಹುಡುಗಿ, ಗಟ್ಟಿ ಇದ್ದಾಳೆ ಎಂದು ನಂಟರು ಹೊಗಳಿದರು. ಮಣ್ಣು ಮಾಡಿದ ನಾಲ್ಕನೆಯ ದಿನ ನಾನು ನಲವತ್ತಾರು ಉತ್ತರಪತ್ರಿಕೆಗಳನ್ನು ತಿದ್ದಿ ಮುಗಿಸಿದೆ. ಅಂಕ ಕೂಡುವಲ್ಲಿ ಒಂದೂ ತಪ್ಪಿರಲಿಲ್ಲ. ಊಟದಲ್ಲಿ ಉಪ್ಪು ಕಡಿಮೆಯೋ ಹೆಚ್ಚೋ ಎಂದು ಅವ್ವ ಕೇಳಿದರೆ ಹೇಳಲು ಗೊತ್ತಾಗುತ್ತಿರಲಿಲ್ಲ. ಅಕ್ಟೋಬರ್ ಬಂತು, ಡಿಸೆಂಬರ್ ಬಂತು. ಕ್ರಿಸ್‌ಮಸ್ ರಾತ್ರಿ ಎಲ್ಲರೂ ಹಾಡುವಾಗ ನಾನೂ ಬಾಯಿ ಆಡಿಸಿದೆ. ಪೂಜೆಯಲ್ಲಿ ಎದ್ದು ನಿಲ್ಲುವ ಕಡೆ ನಿಂತೆ, ಮಂಡಿಯೂರುವ ಕಡೆ ಊರಿದೆ. ಎಲ್ಲವೂ ದಪ್ಪ ಗಾಜಿನ ಆಚೆ ನಡೆಯುತ್ತಿತ್ತು.

ಜನವರಿಯ ಮೂರನೆಯ ಶನಿವಾರ ಸಂಜೆ, ಫಾದರ್ ಹತ್ತಿರ ತಪ್ಪು ಹೇಳಿಕೊಂಡು ಕ್ಷಮೆ ಪಡೆಯುವ ಪಾಪನಿವೇದನೆಗೆ ಹೋದೆ. ನಮ್ಮ ಚರ್ಚಿನಲ್ಲಿ ಅದಕ್ಕೆಂದು ಮಾಡಿಸಿದ ಮರದ ಗೂಡಿಗೆ ಗೆದ್ದಲು ಹಿಡಿದಿತ್ತು. ಫಾದರ್ ಪಕ್ಕದ ಗೋಡೆಯ ಹತ್ತಿರ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿಸಿದ್ದರು, ಒಂದರ ಮುಖ ಗೋಡೆಗೆ, ಒಂದರ ಮುಖ ಕಿಟಕಿಗೆ. ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ನನ್ನ ಹಿಂದೆ ಯಾರೂ ಸರತಿಯಲ್ಲಿ ಇರಲಿಲ್ಲ. ಸಣ್ಣಪುಟ್ಟದ್ದು ಎರಡು ಹೇಳಿ, ಆಮೇಲೆ ಹೇಳಬೇಕೆಂದು ಬಂದದ್ದನ್ನು ಹೇಳಿದೆ.

"ಅಪ್ಪ ಹೋಗಿ ಐದು ತಿಂಗಳಾತು ಫಾದರ್. ನನಗ ಏನೂ ಅನಸವಲ್ದು. ಪ್ರಾರ್ಥನಿ ಮಾಡಿದ್ರೂ ಅನಸವಲ್ದು."

ಹೊರಗೆ ಯಾರೋ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದ ಸದ್ದಾಯಿತು.

"ಅದು ಪಾಪ ಅಲ್ಲ ಮಗಳ," ಎಂದರು. "ನನಗೂ ಮೂರು ತಿಂಗಳಾತು, ಸಂಡಾಸಕ್ಕ ಹೋದಾಗ ರಕ್ತ ಬೀಳತೈತಿ. ಮೊದಲ ದಿನ ಹೆದರಿಕಿ ಬಂತು. ಈಗ ಅದೂ ಇಲ್ಲ. ನೋಡ್ತೀನಿ, ನೀರು ಹಾಕ್ತೀನಿ, ಬಂದು ಪೂಜಿ ಮಾಡ್ತೀನಿ. ಕಾಲು ಜೋಮು ಹಿಡದ್ರ ಕಾಲು ಹೋತು ಅಂತಲ್ಲ. ಸ್ವಲ್ಪ ಹೊತ್ತು ಅದರ ಮ್ಯಾಲೆ ನಿಂದ್ರಬೇಕು, ಅಷ್ಟ."

ಆಮೇಲೆ ಮೂರು ನಮೋ ಮರಿಯ ಪ್ರಾರ್ಥನೆ ಹೇಳಲು ಹೇಳಿ, ಕೈಯೆತ್ತಿ ಪಾಪಕ್ಷಮೆಯ ಮಾತುಗಳನ್ನು ಹೇಳಿದರು. ನಾನು ಎದ್ದು ಹೊರಗೆ ಬಂದೆ.

ಅಪ್ಪ ಸತ್ತ ಮೇಲೆ ನನಗೆ ಸಮಾಧಾನ ಹೇಳಿದವರು ಬಹಳ ಜನ. ಎಲ್ಲರೂ ತಮ್ಮ ಹತ್ತಿರ ಇರುವ ಒಳ್ಳೆಯದನ್ನು ತೆಗೆದುಕೊಟ್ಟಿದ್ದರು. ಇವರು ತಮ್ಮ ರಕ್ತದ ವಿಷಯ ಹೇಳಿದರು. ನಾನೊಬ್ಬಳೇ ಅಲ್ಲ ಎಂದು ತೋರಿಸುವುದಕ್ಕೆ ಆ ಕ್ಷಣ ಕೈಗೆ ಸಿಕ್ಕದ್ದು ಅದು. ಮನೆಗೆ ನಡೆಯುತ್ತ ನಾನು ಯೋಚಿಸಿದ್ದು ಇಷ್ಟು: ಅವರಿಗೆ ಕಾಯಿಲೆ ಇದೆ, ಅವರು ಡಾಕ್ಟರ ಹತ್ತಿರ ಹೋಗಿಲ್ಲ, ಇದು ನನಗೆ ಗೊತ್ತಾಗಿದೆ, ಇದನ್ನು ನಾನು ಯಾರಿಗೂ ಹೇಳುವ ಹಾಗಿಲ್ಲ.

ಹೇಳುವ ಹಾಗಿಲ್ಲ ಎಂಬುದರ ಬಗ್ಗೆ ನನಗೆ ಒಂದಿಷ್ಟೂ ಸಂಶಯ ಇರಲಿಲ್ಲ. ಒಂಬತ್ತನೆಯ ವಯಸ್ಸಿನಲ್ಲಿ ಮೊದಲ ಪಾಪನಿವೇದನೆಗೆ ನಮ್ಮನ್ನು ತಯಾರು ಮಾಡಿದ ಸಿಸ್ಟರ್, ಅಲ್ಲಿ ಆಡಿದ ಮಾತು ಅಲ್ಲೇ ಉಳಿಯಬೇಕು, ಹೊರಗೆ ಬಂದರೆ ದೊಡ್ಡ ಪಾಪ ಎಂದಿದ್ದರು. ಆವತ್ತು ನಾನು ಹೊರಗೆ ಬಂದು ಗೆಳತಿಗೆ ನನಗೆ ಎಷ್ಟು ಪ್ರಾರ್ಥನೆ ಹಾಕಿದರೆಂದು ಹೇಳಹೊರಟಾಗ ಸಿಸ್ಟರ್ ನನ್ನ ತುಟಿಯ ಮೇಲೆ ಬೆರಳಿಟ್ಟರು. ಆ ಬೆರಳಿಗೆ ಸೀಮೆಸುಣ್ಣದ ವಾಸನೆ ಇತ್ತು. ಗುಟ್ಟು ಇಬ್ಬರದೂ ಎಂದು ನಾನು ತಿಳಿದುಕೊಂಡೆ. ಹದಿನೇಳು ವರ್ಷ ಹಾಗೇ ತಿಳಿದಿದ್ದೆ. ಅದನ್ನು ಮತ್ತೊಮ್ಮೆ ಕೇಳಿ ನೋಡಬೇಕೆಂದು ಯಾವತ್ತೂ ಅನಿಸಿರಲಿಲ್ಲ, ನೀರು ಎಷ್ಟು ಡಿಗ್ರಿಗೆ ಕುದಿಯುತ್ತದೆಂದು ಮತ್ತೆ ಕೇಳದ ಹಾಗೆ.

ಮೊಬೈಲಿನಲ್ಲಿ ಹುಡುಕಿ ಓದಿದೆ. ಮೂಲವ್ಯಾಧಿ ಇರಬಹುದು, ಅಥವಾ ಇನ್ನೊಂದು ಇರಬಹುದು. ಅವರ ವಯಸ್ಸಿಗೆ ತಡಮಾಡದೆ ತೋರಿಸಬೇಕು ಎಂದಿತ್ತು. ಬಾಯಿ ಬಿಡದೆ ಏನು ಮಾಡಬಹುದೋ ಅದನ್ನು ಮಾಡಿದೆ. ಫಾದರ್ ಬಿಳಿಚಿಕೊಂಡ ಹಾಗೆ ಕಾಣುವುದಿಲ್ಲವೇ ಎಂದು ಅವ್ವನಿಗೆ ಕೇಳಿದೆ. ಅಷ್ಟು ಹೇಳಬಹುದು, ಅದು ಎಲ್ಲರಿಗೂ ಕಾಣುವ ಮುಖ. ಅವ್ವ ಎರಡು ವಾರ ಬೀಟ್‌ರೂಟ್ ಪಲ್ಯ ಮಾಡಿ ಡಬ್ಬಿ ಕಳಿಸಿದಳು. ಕಾಲೇಜಿನ ಸೇವಾ ಘಟಕದವರಿಗೆ ಹೇಳಿ ಚರ್ಚಿನ ಸಭಾಂಗಣದಲ್ಲಿ ಒಂದು ದಿನದ ಆರೋಗ್ಯ ತಪಾಸಣೆ ಇಡಿಸಿದೆ. ನಾಲ್ಕು ಜನ ಡಾಕ್ಟರು ಬಂದರು. ಫಾದರ್ ಬಾಗಿಲ ಹತ್ತಿರ ಮೇಜು ಹಾಕಿಕೊಂಡು ಬಂದವರೆಲ್ಲರ ಹೆಸರು, ವಯಸ್ಸು ಬರೆದರು. ಬೆಳಿಗ್ಗೆ ಒಂಬತ್ತರಿಂದ ಮೂರರವರೆಗೆ ಬರೆದರು. ಸರತಿಯಲ್ಲಿ ಅವರು ನಿಲ್ಲಲಿಲ್ಲ. ನೀವೂ ತೋರಿಸಿಕೊಳ್ಳಿ ಎಂದು ಒಬ್ಬ ಡಾಕ್ಟರೇ ಕರೆದಾಗ ರಕ್ತದೊತ್ತಡ ಅಳೆಸಿಕೊಂಡು, ಸರಿಯಿದೆ ಎನಿಸಿಕೊಂಡು, ಮತ್ತೆ ಮೇಜಿಗೆ ಬಂದು ಕೂತರು. ನಾನು ಕೊನೆಯ ಮೇಜಿನ ಹತ್ತಿರ ನೀರಿನ ಲೋಟ ಜೋಡಿಸುತ್ತಿದ್ದೆ.

ಹೊರಗೆ ಅವರೊಬ್ಬರೇ ಸಿಕ್ಕಾಗ ಕೇಳಬಹುದಿತ್ತಲ್ಲ ಎಂದು ಈಗ ಅನಿಸುತ್ತದೆ. ಅಲ್ಲಿಯ ಮಾತನ್ನು ಅವರೂ ಹೊರಗೆ ಎತ್ತುವ ಹಾಗಿಲ್ಲ, ನಾನೂ ಎತ್ತುವ ಹಾಗಿಲ್ಲ ಎಂದುಕೊಂಡಿದ್ದೆ. ಆದ್ದರಿಂದ ಫೆಬ್ರವರಿಯ ಕೊನೆಗೆ, ಈಸ್ಟರ್‌ಗೆ ಮುಂಚಿನ ತಪಸ್ಸಿನ ಕಾಲ ಶುರುವಾದ ಮೇಲೆ, ಮತ್ತೆ ಅದೇ ಕುರ್ಚಿಗೆ ಹೋದೆ. ಅವ್ವನ ಮೇಲೆ ಸಿಟ್ಟು ಮಾಡಿದ್ದನ್ನು ಹೇಳಿ, ಡಾಕ್ಟರ ಹತ್ತಿರ ಹೋದಿರಾ ಎಂದು ಕೇಳಿದೆ.

ಕಿಟಕಿಯ ಕಡೆಯಿಂದ ನಕ್ಕ ಸದ್ದು ಬಂತು. "ನೀ ಯಾರ ಪಾಪ ಹೇಳಾಕ ಬಂದೀ? ನಿಂದೋ, ನಂದೋ?"

"ಹೋಗ್ರಿ ಫಾದರ್."

"ಹೋಗ್ತೀನಿ. ಈಸ್ಟರ್ ಆಗ್ಲಿ. ಜೋಯಿಡಾ ಕಡೆ ಹನ್ನೊಂದು ಊರು ಅದಾವ, ವರ್ಷಕ್ಕೊಮ್ಮಿ ಈಗ ಪಾಪನಿವೇದನಿಗೆ ಕುಂಡ್ರತಾರ. ನಾ ಹೋಗಿ ಆಸ್ಪತ್ರ್ಯಾಗ ಮಲಕೊಂಡ್ರ ಅವರ ಕಡೆ ಯಾರು ಹೋಗ್ತಾರ?"

ಅವರು ಯಾರಿಗೂ ಹೇಳಬೇಡ ಎನ್ನಲಿಲ್ಲ. ಜನವರಿಯಲ್ಲೂ ಎಂದಿರಲಿಲ್ಲ. ಇದು ನನ್ನ ಗಮನಕ್ಕೆ ಬಂದದ್ದು ಬಹಳ ತಡವಾಗಿ.

ತಪಸ್ಸಿನ ಕಾಲದಲ್ಲಿ ಅವರು ಸೊರಗಿದರು. ಉಪವಾಸ ಹೆಚ್ಚು ಮಾಡುತ್ತಿದ್ದಾರೆ ಎಂದು ಎಲ್ಲರೂ ಅಂದುಕೊಂಡರು, ಕೆಲವರು ತಾವೂ ಒಂದು ಹೊತ್ತು ಬಿಟ್ಟರು.

ಈಸ್ಟರ್‌ಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರಕ್ಕೆ ಎರಡು ದಿನ ಮುಂಚೆ ಜೋಯಿಡಾ ಬಸ್ ನಿಲ್ದಾಣದಲ್ಲಿ ಬಿದ್ದರು. ಕಂಡಕ್ಟರ್ ಗುರುತಿನವನು. ಹಿಂದಿನ ಉದ್ದ ಸೀಟಿನ ಮೇಲೆ ಮಲಗಿಸಿ, ನಡುವೆ ಎಲ್ಲೂ ನಿಲ್ಲಿಸದೆ ದಾಂಡೇಲಿಗೆ ತಂದರು. ಅಲ್ಲಿಂದ ಹುಬ್ಬಳ್ಳಿಯ ಆಸ್ಪತ್ರೆ. ಕರುಳಿನಲ್ಲಿ ಗಡ್ಡೆ, ಯಕೃತ್ತಿಗೂ ಹಬ್ಬಿದೆ ಎಂದು ಭಾನುವಾರವೇ ಸುದ್ದಿ ಬಂತು.

ಪವಿತ್ರ ಬುಧವಾರ ನಾನು, ಅವ್ವ, ಸಮಿತಿಯ ಹಿರಿಯರು ನೋಡಲು ಹೋದೆವು. ಅವರು ಹಳದಿಯಾಗಿದ್ದರು. ಜೋಯಿಡಾ ಕಡೆ ಎಷ್ಟು ಊರು ಉಳಿದವು ಎಂದು ಹಿರಿಯರಿಗೆ ಕೇಳಿದರು. ಮೂರು ಎಂದು ತಿಳಿದು ಬೆರಳು ಮಡಚಿ ಎಣಿಸಿ, ಯಾವುವೆಂದು ತಾವೇ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಕಾಲು ಬಂತೇನು?"

"ಇನ್ನೂ ಇಲ್ರಿ."

"ಬರತೈತಿ."

ಹೊರಗೆ ಬಂದ ಮೇಲೆ ಹಿರಿಯರು ನನ್ನ ಕಾಲಿಗೆ ಏನಾಗಿದೆ ಎಂದು ಕೇಳಿದರು. ತಮಗೆ ಗೊತ್ತಿರುವ ಒಬ್ಬ ಎಲುಬಿನ ಡಾಕ್ಟರು ಇದ್ದಾರೆಂದೂ ಹೇಳಿದರು. ಅವ್ವನೂ ಬಸ್ಸಿನಲ್ಲಿ ಎರಡು ಸಲ ನನ್ನ ಪಾದ ನೋಡಿದಳು. ಏನಿಲ್ಲ ಎಂದೆ.

ಈಸ್ಟರ್ ಕಳೆದ ಮಂಗಳವಾರ ಅವರು ತೀರಿಕೊಂಡರು. ಆರು ತಿಂಗಳ ಹಿಂದೆ ಬಂದಿದ್ದರೆ ಮಾತು ಬೇರೆ ಇತ್ತು ಎಂದು ಡಾಕ್ಟರು ಹೇಳಿದರಂತೆ. ಆರು ತಿಂಗಳ ಹಿಂದೆ ನನಗೆ ಗೊತ್ತಿರಲಿಲ್ಲ. ನನಗೆ ಗೊತ್ತಾದ ದಿನದಿಂದ ಅವರು ಬಿದ್ದ ದಿನದವರೆಗೆ ಹತ್ತು ವಾರ. ಹತ್ತು ವಾರ ಮುಂಚೆ ಬಂದಿದ್ದರೆ ಏನಾಗುತ್ತಿತ್ತು ಎಂದು ಯಾರೂ ಡಾಕ್ಟರಿಗೆ ಕೇಳಲಿಲ್ಲ. ಕೇಳಲು ಅವರಿಗೆ ಕಾರಣ ಇರಲಿಲ್ಲ.

ಮಣ್ಣಿನ ದಿನ ಚರ್ಚು ತುಂಬಿ ಅಂಗಳದಲ್ಲೂ ಜನ ನಿಂತಿದ್ದರು. ಚರ್ಚಿಗೆ ಬರದವರೂ ಬಂದಿದ್ದರು. ಬಸ್ಸಿನ ಚಾಲಕರು, ಮಸೀದಿಯ ಹತ್ತಿರ ಚಹಾ ಮಾರುವವರು, ಗಿರಣಿಯಲ್ಲಿ ಅಪ್ಪನ ಜೊತೆ ದುಡಿದ ಬೆಳಗಾವಿ ಕಡೆಯವರು. ಅವರ ಅಕ್ಕ ಮುಂಡಗೋಡದ ಕಡೆಯಿಂದ, ಚಿಗಳ್ಳಿಯಿಂದ ಬಂದಿದ್ದರು. ತಾಯಿ ಬೇಗ ಹೋದದ್ದರಿಂದ ತಮ್ಮನನ್ನು ಇವರೇ ಸಾಕಿದ್ದರಂತೆ. ಗಂಡ ಇಲ್ಲ, ಮಕ್ಕಳಿಲ್ಲ. ಪೆಟ್ಟಿಗೆಯ ತಲೆಯ ಕಡೆ ಒಂದು ಕುರ್ಚಿಯಲ್ಲಿ ಕೂತು, ಬಂದು ಕೈ ಮುಗಿದವರಿಗೆಲ್ಲ ಒಂದೇ ಮಾತು ಕೇಳುತ್ತಿದ್ದರು. ಫಾದರ್ ಮನೆಯ ಅಡುಗೆಯವಳಿಗೆ ಕೇಳಿದರು, ಸಿಸ್ಟರುಗಳಿಗೆ ಕೇಳಿದರು. ನಾನು ಹೋದಾಗ ನನ್ನ ಮುಂಗೈ ಹಿಡಿದುಕೊಂಡರು.

"ಒಬ್ಬರಿಗರ ಹೇಳಿರ್ತಾನ ಅವ. ಸಣ್ಣಾಂವ ಇದ್ದಾಗ ಕಾಲಾಗ ಮುಳ್ಳು ಮುರದ್ರ ಓಣಿಗೆಲ್ಲಾ ಹೇಳಿ ಬರತಿದ್ದ. ಇಷ್ಟು ದೊಡ್ಡದ ಇಟಗೊಂಡು ಒಬ್ಬನ ಕುಂತಿದ್ನೇನು? ನಿನ್ನ ಜೋಡಿ ತಿರಗತಿದ್ದ ಅಂತಲ್ಲವಾ ತಂಗಿ. ನಿನಗೇನರ ಗೊತ್ತಿತ್ತೇನು?"

"ನನಗ ಗೊತ್ತಿಲ್ರಿ," ಎಂದೆ.

ಅವರು ಕೈ ಬಿಟ್ಟರು. ನನ್ನ ಹಿಂದಿನವರಿಗೆ ಅದನ್ನೇ ಕೇಳಿದರು.

ಆಮೇಲಿನ ತಿಂಗಳುಗಳ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ಸುಳ್ಳು ಹೇಳಿದ್ದು ಪಾಪ, ಅದನ್ನು ನಿವೇದಿಸಬೇಕು. ಯಾವ ಸುಳ್ಳು, ಯಾಕೆ ಎಂದು ಹೇಳದೆ ನಿವೇದಿಸಲು ಬರುವುದಿಲ್ಲ. ಹೇಳಿದರೆ ಫಾದರ್ ಆಡಿದ ಮಾತು ಹೊರಗೆ ಬರುತ್ತದೆ. ಹೀಗೆ ಅದು ಒಂದು ಕಡೆ ಸಿಕ್ಕಿಕೊಂಡಿತು. ನಾನು ಪಾಪನಿವೇದನೆಗೆ ಹೋಗಲಿಲ್ಲ, ನಿವೇದಿಸದ ಪಾಪ ಇಟ್ಟುಕೊಂಡು ಪ್ರಸಾದ ತೆಗೆದುಕೊಳ್ಳಬಾರದು ಎಂದು ಪೂಜೆಯಲ್ಲಿ ಅದನ್ನೂ ತೆಗೆದುಕೊಳ್ಳಲಿಲ್ಲ. ಎಲ್ಲರೂ ಎದ್ದು ಸರತಿಗೆ ಹೋದಾಗ ಬೆಂಚಿನಲ್ಲಿ ಮಂಡಿ ಸರಿಸಿ ಅವರಿಗೆ ದಾರಿ ಕೊಡುತ್ತಿದ್ದೆ. ಅವ್ವ ನೋಡಿದಳು, ಮನೆಗೆ ಬಂದು ಏನೂ ಕೇಳಲಿಲ್ಲ. ಜುಲೈನಲ್ಲಿ ಒಮ್ಮೆ ಮಾತ್ರ, ಯಾರಾದರೂ ಹುಡುಗ ಇದ್ದರೆ ಹೇಳು, ಕೊಲ್ಲುವುದಿಲ್ಲ ಎಂದಳು. ಇಲ್ಲ ಎಂದೆ. ಆ ಅಕ್ಕನ ಪ್ರಶ್ನೆ ನನಗೆ ದಿನಕ್ಕೆ ಒಂದೆರಡು ಸಲ ಕೇಳಿಸುತ್ತಿತ್ತು, ಸಾಮಾನ್ಯವಾಗಿ ಹಳಿಯಾಳದ ಬಸ್ಸಿನಲ್ಲಿ. ಕೇಳಿಸಿದಾಗ ದುಃಖವಾಗುತ್ತಿರಲಿಲ್ಲ. ಪ್ರಶ್ನೆ ಕೇಳಿಸುತ್ತಿತ್ತು, ಅಷ್ಟೇ.

ಹೊಸ ಫಾದರ್ ಜೂನ್‌ನಲ್ಲಿ ಬಂದರು. ಕರಾವಳಿ ಕಡೆಯವರು, ನನಗಿಂತ ಆರೇಳು ವರ್ಷ ದೊಡ್ಡವರು, ಪುಸ್ತಕದ ಕನ್ನಡ ಮಾತಾಡುತ್ತಾರೆ, ಮೋಟಾರ್ ಸೈಕಲ್ ಓಡಿಸುತ್ತಾರೆ. ಒಳ್ಳೆಯವರು. ಭಾನುವಾರ ಪೂಜೆಯ ನಂತರ ಮಕ್ಕಳಿಗೆ ಧರ್ಮೋಪದೇಶದ ತರಗತಿ ತೆಗೆದುಕೊಳ್ಳಲು ನನ್ನನ್ನು ಕೇಳಿದರು. ಮೊದಲ ಪಾಪನಿವೇದನೆಗೆ ತಯಾರಾಗುವ ಒಂಬತ್ತು ಮಕ್ಕಳಿದ್ದರು.

ಅಕ್ಟೋಬರಿನ ಒಂದು ಭಾನುವಾರ ನಾನು ಆ ಮಕ್ಕಳಿಗೆ ಪಾಪನಿವೇದನೆಯ ಗುಟ್ಟಿನ ಪಾಠ ಮಾಡಿದೆ. ನನಗೆ ಕಲಿಸಿದ್ದನ್ನೇ ಕಲಿಸಿದೆ. ಅಲ್ಲಿ ನೀವು ಹೇಳಿದ್ದನ್ನು ಫಾದರ್ ಯಾರಿಗೂ ಹೇಳುವುದಿಲ್ಲ, ಫಾದರ್ ಹೇಳಿದ್ದನ್ನು ನೀವೂ ಯಾರಿಗೂ ಹೇಳಬಾರದು ಎಂದೆ. ಫಾದರ್ ಹಾಜರಿ ನೋಡಲು ಬಂದು ಬಾಗಿಲಲ್ಲಿ ನಿಂತಿದ್ದರು. ನಾನು ಮುಗಿಸುವವರೆಗೆ ಕಾದರು.

"ಮಿಸ್, ಒಂದು ಸಣ್ಣ ತಿದ್ದುಪಡಿ," ಎಂದು ಮಕ್ಕಳ ಕಡೆ ತಿರುಗಿದರು. "ಬಾಯಿಗೆ ಬೀಗ ಇರುವುದು ನನಗೆ ಮಾತ್ರ. ನಿಮಗಿಲ್ಲ. ನಾನು ಹೇಳಿದ್ದನ್ನು ನೀವು ಯಾರಿಗೆ ಬೇಕಾದರೂ ಹೇಳಬಹುದು."

ಮುಂದಿನ ಸಾಲಿನ ಹುಡುಗಿಗೆ ನಂಬಿಕೆ ಬರಲಿಲ್ಲ. "ಅವ್ವಗೂ ಹೇಳಬಹುದೇನ್ರಿ?"

"ಹೇಳಬಹುದು. ನಾನು ತಪ್ಪು ಹೇಳಿದ್ದರೆ ಅವ್ವ ಬಂದು ನನಗೆ ಬೈಯಲಿ."

ಮಕ್ಕಳು ನಕ್ಕರು. ನಾನು ಕಪ್ಪುಹಲಗೆಯಲ್ಲಿ ಬರೆದಿದ್ದ ಎರಡನೆಯ ಸಾಲನ್ನು ಒರೆಸಿದೆ.

ತರಗತಿ ಬಿಟ್ಟ ಮೇಲೆ ನಿಖರವಾಗಿ ತಿಳಿದುಕೊಳ್ಳಬೇಕೆಂದು ಅವರನ್ನು ಕೇಳಿದೆ. ಒಬ್ಬ ಫಾದರ್ ಅಲ್ಲಿ ಕೂತು ತಮ್ಮದೇ ವಿಷಯ ಏನಾದರೂ ಹೇಳಿದರೆ, ಆರೋಗ್ಯದ ವಿಷಯವೋ ಏನೋ, ಅದು? ಅವರು ಮೋಟಾರ್ ಸೈಕಲ್ಲಿನ ಕೀಲಿ ಹುಡುಕುತ್ತಿದ್ದರು.

"ಅದು ಪಾಪನಿವೇದನೆಯೇ ಅಲ್ಲವಲ್ಲ. ಇಬ್ಬರು ಮನುಷ್ಯರು ಆಡಿದ ಮಾತು. ಕೇಳಿಸಿಕೊಂಡವರು ವಿವೇಕ ನೋಡಿಕೊಂಡು ಹೇಳಬಹುದು, ಬಿಡಬಹುದು. ಹೇಳಲೇಬೇಕಾದ ಸಂದರ್ಭವೂ ಇರುತ್ತದೆ." ಕೀಲಿ ಸಿಕ್ಕಿತು. "ಯಾಕೆ?"

ಮಕ್ಕಳು ಕೇಳಿದರೆ ಹೇಳಲು ಬೇಕಿತ್ತು ಎಂದೆ. ಅವರು ಹೋದರು. ತರಗತಿಯ ಕಿಟಕಿಗಳನ್ನು ಹಾಕಿ, ಬೀಗ ಹಾಕಿ, ಬೀಗದ ಕೈಯನ್ನು ಅಡುಗೆಯವಳಿಗೆ ಕೊಟ್ಟು ಮನೆಗೆ ನಡೆದೆ.

ಹತ್ತು ವಾರ ನಾನು ಹೇಳಬಹುದಿತ್ತು. ಅವ್ವನಿಗೆ ಹೇಳಿದ್ದರೆ ಅವ್ವ ಸಮಿತಿಯ ಹಿರಿಯರಿಗೆ ಹೇಳುತ್ತಿದ್ದಳು, ಅವರು ಅದೇ ದಿನ ಕಾರು ತರಿಸುತ್ತಿದ್ದರು. ಇದರಲ್ಲಿ ಊಹೆ ಏನೂ ಇಲ್ಲ, ನನಗೆ ಅವರೆಲ್ಲ ಗೊತ್ತು. ಫಾದರ್ ಉಳಿಯುತ್ತಿದ್ದರೇ ಎಂಬುದು ಗೊತ್ತಿಲ್ಲ. ಅವರ ಅಕ್ಕನಿಗೆ ಹತ್ತು ವಾರ ಸಿಗುತ್ತಿತ್ತು ಎಂಬುದು ಗೊತ್ತು. ದಾರಿಯಲ್ಲಿ ತರಕಾರಿ ಕೊಂಡೆ. ರಾತ್ರಿ ಹಿಟ್ಟು ನಾದಿದೆ. ಚಪಾತಿಗಳು ಎಂದಿನಂತೆ ದುಂಡಗೆ ಬಂದವು. ಊಟ ಮಾಡುವಾಗ ಅವ್ವನಿಗೆ, ನಾಳೆ ಮುಂಡಗೋಡಕ್ಕೆ ಹೋಗಿ ಬರುತ್ತೇನೆ ಎಂದೆ. ಯಾಕೆ ಎಂದು ಕೇಳಿದ್ದಕ್ಕೆ ಬಂದ ಮೇಲೆ ಹೇಳುತ್ತೇನೆ ಎಂದೆ. ಅವಳು ಅನ್ನಕ್ಕೆ ಸಾರು ಹಾಕಿಕೊಂಡು, ಸ್ವೆಟರ್ ಹಾಕಿಕೊಂಡು ಹೋಗು, ಬೆಳಿಗ್ಗೆ ತಂಪಿರುತ್ತದೆ ಎಂದಳು.

ಮರುದಿನ ಬೆಳಿಗ್ಗೆ ಐದೂವರೆಗೆ ಎದ್ದು, ಕಾಲೇಜಿಗೆ ಒಂದು ದಿನದ ರಜೆಯ ಸಂದೇಶ ಕಳಿಸಿ, ಹಳಿಯಾಳದ ಮೊದಲ ಬಸ್ಸು ಹತ್ತಿದೆ. ಅಲ್ಲಿಂದ ಕಲಘಟಗಿ, ಅಲ್ಲಿಂದ ಮುಂಡಗೋಡ. ಮುಂಡಗೋಡದಲ್ಲಿ ಸಂತೆಯ ದಿನವಾದ್ದರಿಂದ ಚಿಗಳ್ಳಿಗೆ ಹೋಗುವ ಟೆಂಪೋ ಬುಟ್ಟಿಗಳಿಂದ ತುಂಬಿತ್ತು, ನಿಂತೇ ಹೋದೆ. ಮನೆ ಕೇಳಿದಾಗ ಎರಡನೆಯವರೇ ತೋರಿಸಿದರು.

ಅವರು ಅಂಗಳದಲ್ಲಿ ಗೋವಿನಜೋಳ ಹರಡುತ್ತಿದ್ದರು. ನನ್ನ ಗುರುತು ಸಿಗಲಿಲ್ಲ. ದಾಂಡೇಲಿಯಿಂದ ಬಂದಿದ್ದೇನೆ ಎಂದೆ. ಕೂರಲು ಹೇಳಿದರು, ನಾನು ಕೂರಲಿಲ್ಲ.

"ಮಣ್ಣಿನ ದಿನ ನೀವು ಕೇಳಿದ್ರಿ. ನಾ ಗೊತ್ತಿಲ್ಲ ಅಂದೆ. ಗೊತ್ತಿತ್ರಿ. ನನಗ ಹೇಳಿದ್ರು."

ಅವರು ಬಗ್ಗಿದ್ದವರು ನೆಟ್ಟಗಾದರು. ಎರಡೂ ಕೈಯಲ್ಲಿ ಕಾಳು ಇತ್ತು.

"ಯಾವಾಗ?"

"ಜನವರಿಯಾಗ."

ಕೈಯಲ್ಲಿದ್ದ ಕಾಳನ್ನು ನಿಧಾನವಾಗಿ ರಾಶಿಗೆ ಬಿಟ್ಟರು. ಮನಸ್ಸಿನಲ್ಲಿ ತಿಂಗಳು ಎಣಿಸುತ್ತಿದ್ದುದು ಅವರ ತುಟಿಯಲ್ಲಿ ಕಾಣುತ್ತಿತ್ತು.

"ಆವತ್ತ ನನಗ ತಿಳದಿದ್ರ ರಟ್ಟಿ ಹಿಡದು ಎಳಕೊಂಡು ಹೋಗತಿದ್ದೆ ಅವನ್ನ," ಎಂದರು. "ನನ್ನ ಮಾತು ಮೀರತಿರಲಿಲ್ಲ ಅವ. ಗೊತ್ತೇನು ನಿನಗ?"

ಹೇಳಬಾರದೆಂದು ತಿಳಿದಿದ್ದೆ ಎಂಬ ಮಾತು ಬಾಯಿಗೆ ಬಂದಿತ್ತು, ಆದರೆ ಅವರು ಅದನ್ನು ಕೇಳಿರಲಿಲ್ಲ. ಅವರು ಸೆರಗಿನಿಂದ ಮುಖ ಒರೆಸಿಕೊಂಡು ಕಟ್ಟೆಯ ಮೇಲೆ ಕೂತರು. ಬಹಳ ಹೊತ್ತು ರಸ್ತೆಯ ಕಡೆ ನೋಡಿದರು. ಕೋಳಿಯೊಂದು ಜೋಳಕ್ಕೆ ಬಂದಾಗ ನಾನು ಅದನ್ನು ಅಟ್ಟಿದೆ.

"ನಿನಗ ಯಾಕ ಹೇಳಿದ?" ಎಂದು ಕೊನೆಗೆ ಕೇಳಿದರು. ಸಿಟ್ಟು ಇರಲಿಲ್ಲ, ತಿಳಿಯಬೇಕಾಗಿತ್ತು.

ಅದಕ್ಕೆ ಉತ್ತರ ಕೊಡಬೇಕಾದರೆ ನನ್ನದನ್ನೂ ಹೇಳಬೇಕಿತ್ತು. ಅದನ್ನು ನಾನು ಅವರ ತಮ್ಮನಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ, ಅವ್ವನಿಗೂ. ಕಟ್ಟೆಯ ಇನ್ನೊಂದು ತುದಿಗೆ ಕೂತು, ನನ್ನ ಅಪ್ಪ ಸತ್ತ ದಿನದಿಂದ ಶುರು ಮಾಡಿ ಹೇಳಿದೆ.